ಆಪ್ತಸಮಾಲೋಚಕರಿಗೆ ವರ್ಷಕ್ಕೊಂದು ಕಾರ್ಯಾಗಾರ ಸಾಲದು: ಆರೋಗ್ಯ ಇಲಾಖೆ ಮತ್ತು ಕಲ್ಯಾಣ ಕರ್ನಾಟಕ ಮಂಡಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ, ಬೆಂಗಳೂರು
ಮಾನ್ಯ ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಮಾನ್ಯರೇ,

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ಮನಶ್ಶಾಸ್ತ್ರಜ್ಞರಿಗಾಗಿ, ಅವರು ನಡೆಸಿದ ಮಾತುಕತೆಗಳನ್ನೇ ಮುಂದಿಟ್ಟುಕೊಂಡು ಅನುಭವಸ್ಥರೊಡನೆ ಕಲಿಯುವಂಥ, ವರ್ಷವಿಡೀ ತಪ್ಪದೆ ನಡೆಯುವ ಏರ್ಪಾಡೊಂದನ್ನು ಮಾಡಿಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕಲಬುರಗಿಯಲ್ಲಿ ಬಹುಕಾಲದಿಂದ ಚಿಕಿತ್ಸಕ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಆಳಂದ, ಜೇವರ್ಗಿ, ಚಿಂಚೋಳಿ, ಶಹಾಪುರ, ಭಾಲ್ಕಿ ಕಡೆಯಿಂದ ಬರುವ ಅನೇಕರು ನನ್ನಲ್ಲಿಗೆ ಬರುವ ಹೊತ್ತಿಗೆ ಒಂದೆರಡು ಕಡೆ ‘ಕೌನ್ಸೆಲಿಂಗ್’ ಮಾಡಿಸಿಕೊಂಡೇ ಬಂದಿರುತ್ತಾರೆ. ಅಲ್ಲಿ ಏನು ಹೇಳಿದರು ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: “ಟೆನ್ಷನ್ ಮಾಡ್ಕೋಬ್ಯಾಡ್ರಿ, ಧೈರ್ಯದಿಂದ ಇರ್ರಿ ಅಂದ್ರು.”

ಹಾಗೆ ಹೇಳಿದವರನ್ನು ದೂರುವುದಕ್ಕೆ ಮನಸ್ಸಾಗುವುದಿಲ್ಲ. ಹೊರಗೆ ಸಾಲು ಬೆಳೆಯುತ್ತಿರುವಾಗ, ಔಷಧ ವಿತರಣೆಯ ಕೌಂಟರಿನ ಪಕ್ಕದ ಮೂಲೆಯೇ ‘ಸಮಾಲೋಚನಾ ಕೊಠಡಿ’ಯಾಗಿರುವಾಗ, ಸಂಜೆಯೊಳಗೆ ಇಷ್ಟು ಜನರಿಗೆ ಸಮಾಲೋಚನೆ ಆಯಿತು ಎಂಬ ಅಂಕಿಯನ್ನು ಮೇಲಕ್ಕೆ ಕಳಿಸಬೇಕಾಗಿರುವಾಗ, ಯಾರೇ ಆದರೂ ಅದನ್ನೇ ಹೇಳುತ್ತಾರೆ. ಆದರೆ ಟೆನ್ಷನ್ ಬೇಡವೆಂದು ಯಾರಾದರೂ ಹೇಳಿದ ಮಾತ್ರಕ್ಕೆ ಬಿಡಲು ಸಾಧ್ಯವಾಗಿದ್ದರೆ, ಆ ಮನುಷ್ಯ ಎರಡು ಬಸ್ಸು ಬದಲಿಸಿ ಕಲಬುರಗಿಗೆ ಬರುತ್ತಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಭಾಗ ದೇಶಕ್ಕೇ ದಾರಿ ತೋರಿಸಿದ್ದುಂಟು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ, ಇಡೀ ಒಂದು ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡಬಹುದೇ ಎಂಬುದನ್ನು ನಿಮ್ಹಾನ್ಸ್ ಸಂಸ್ಥೆ ಪ್ರಯೋಗ ಮಾಡಿ ನೋಡಿದ್ದು ಬಳ್ಳಾರಿಯಲ್ಲಿ. ಆ ಅನುಭವದ ತಳಹದಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅಂದಿನ ಆದ್ಯತೆ ಸ್ಕಿಜೋಫ್ರೇನಿಯಾ, ಮೂರ್ಛೆ ರೋಗದಂಥ ತೀವ್ರ ಕಾಯಿಲೆಗಳನ್ನು ಪತ್ತೆಹಚ್ಚಿ ಔಷಧ ತಲುಪಿಸುವುದಾಗಿತ್ತು, ಮತ್ತು ಅದು ಸರಿಯಾದ ಆದ್ಯತೆಯೇ ಆಗಿತ್ತು. ಇವತ್ತಿಗೂ ಅಂಥ ರೋಗಿಗಳಿಗೆ ಮಾತ್ರೆಯ ಬದಲು ಮಾತು ಸಾಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ವಿನ್ಯಾಸದಲ್ಲಿ ಮಾತಿನ ಚಿಕಿತ್ಸೆ ಮಾತ್ರ ಅಂಚಿನಲ್ಲೇ ಉಳಿಯಿತು. ಹುದ್ದೆಗಳು ಬಂದವು, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಪದ್ಧತಿ ಬಂತು, 2022ರ ಅಕ್ಟೋಬರ್‌ನಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯೂ ಬಂತು. ಎದುರು ಕುಳಿತವರೊಡನೆ ಹೇಗೆ ಕೂರಬೇಕು ಎಂಬುದನ್ನು ಕಲಿಸುವ ವ್ಯವಸ್ಥೆಯೊಂದು ಬರಲಿಲ್ಲ.

ಈ ಕೊರತೆಯ ಅರ್ಥವನ್ನು ಒಬ್ಬ ತಾಯಿಯ ಪ್ರಸಂಗದಿಂದ ವಿವರಿಸುತ್ತೇನೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಮಗ ಪುಣೆಗೆ ದುಡಿಯಲು ಹೋಗಿದ್ದ. ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅಂದಿನಿಂದ ಆ ತಾಯಿ ಫೋನನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟುಬಿಟ್ಟರು. “ಅದು ಬಾರಿಸಿತಂದ್ರ ಎದಿ ಒಡದಂಗ ಆಗ್ತದ್ರಿ ತಾಯಿ, ಅದಕ್ಕ ಒಳಗ ಇಟ್ಟೀನಿ” ಎಂದರು. ಇಟ್ಟಮೇಲೆ ಒಂದಿಷ್ಟು ಸಮಾಧಾನವೆನಿಸಿದ್ದೂ ನಿಜ. ಆದರೆ ಹೈದರಾಬಾದಿನಲ್ಲಿ ಬಾಣಂತನದಲ್ಲಿದ್ದ ಮಗಳ ಕರೆಗಳೂ ಆ ಟ್ರಂಕಿನೊಳಗೇ ಉಳಿದವು. ಮುಂದೆ ಪಕ್ಕದ ಮನೆಯ ಫೋನಿನ ಸದ್ದು ಕೇಳಬಾರದೆಂದು ಹೊರಗೆ ಕೂರುವುದನ್ನು ಬಿಟ್ಟರು, ಬಸ್ಸು ಹತ್ತುವುದನ್ನು ಬಿಟ್ಟರು, ಹೊಲಕ್ಕೆ ಹೋಗುವುದನ್ನೂ ಬಿಟ್ಟರು. ನೋವಿನಿಂದ ತಪ್ಪಿಸಿಕೊಳ್ಳುವ ಒಂದೊಂದು ಹೆಜ್ಜೆಯೂ ಬದುಕನ್ನು ಒಂದೊಂದು ಗೇಣು ಕಿರಿದುಮಾಡುತ್ತಾ ಬಂತು. ಇವರಿಗೆ ‘ಮರೆಯಿರಿ, ಧೈರ್ಯ ತಂದುಕೊಳ್ಳಿ’ ಎಂದವರೆಲ್ಲರೂ ಅವರು ಮಾಡುತ್ತಿದ್ದುದನ್ನೇ ಇನ್ನಷ್ಟು ಗಟ್ಟಿಯಾಗಿ ಮಾಡಿರೆಂದು ಹೇಳಿದಂತಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ಕಟ್ಟಿಕೊಂಡು ಬಂದಿರುವ ‘ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ’ ಎಂಬ, ಅಂದರೆ ಒಪ್ಪಿಕೊಳ್ಳುವಿಕೆ ಮತ್ತು ಬದ್ಧತೆಯ ಚಿಕಿತ್ಸಾ ಪದ್ಧತಿ ಈ ಬಗೆಯ ತಪ್ಪಿಸಿಕೊಳ್ಳುವಿಕೆಯನ್ನೇ ಮನೋವ್ಯಥೆಯ ಒಂದು ಮುಖ್ಯ ಬೇರೆಂದು ಗುರುತಿಸುತ್ತದೆ. ಅದರ ಗುರಿ ಮಾನಸಿಕ ನಮ್ಯತೆ: ಕಷ್ಟದ ಭಾವನೆ, ನೆನಪು, ಯೋಚನೆಗಳು ಬಂದಾಗ ಅವುಗಳಿಗೆ ಒಳಗೆ ಜಾಗ ಮಾಡಿಕೊಟ್ಟು, ಯೋಚನೆಯನ್ನು ಬರೀ ಯೋಚನೆಯೆಂದು ಗುರುತಿಸಿ, ಈ ಹೊತ್ತಿನಲ್ಲಿ ನೆಲೆನಿಂತು, ತನಗೆ ನಿಜವಾಗಿ ಮುಖ್ಯವಾದದ್ದರ ಕಡೆಗೆ ಒಂದು ಹೆಜ್ಜೆ ಇಡುವ ಸಾಮರ್ಥ್ಯ. ಆ ತಾಯಿಗೆ ಮುಖ್ಯವಾದದ್ದು ಯಾವುದೆಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಮಗಳ ಕೂಸಿಗೆ ಇನ್ನೂ ಎಣ್ಣೆ ಹಚ್ಚಿ ಎರೆದಿಲ್ಲ ಎಂದರು. ಹಾಗಾಗಿ ನಮ್ಮ ಕೆಲಸ ಅಲ್ಲಿಂದಲೇ ಶುರುವಾಯಿತು. ಮೊದಲು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು. ನಂತರ ನಾನು ಪಕ್ಕದ ಕೋಣೆಯಿಂದ ಕರೆ ಮಾಡಿದಾಗ, ಎತ್ತಬೇಕೆಂಬ ಒತ್ತಾಯವಿಲ್ಲದೆ, ಸದ್ದು ಕೇಳುತ್ತಾ ಮೈಯಲ್ಲಿ ಏನಾಗುತ್ತಿದೆ ಎಂದು ಹೇಳುವುದು. “ಎದಿ ಹೊಡ್ಕೊಳ್ಳಲಕತ್ತದ... ಕೈ ತಣ್ಣಗ ಆಗ್ಯಾವ... ಅವನ ಮಾರಿ ಕಾಣಲಕತ್ತದ.” ಕೆಲವು ವಾರಗಳ ಮೇಲೆ ಅವರು ಮಗಳ ಕರೆಯನ್ನು ತಾವೇ ಎತ್ತಿದರು, ಇಬ್ಬರೂ ಅತ್ತರು, ಆಮೇಲೆ ಕೂಸಿನ ಮಾತು ಬಂತು. ದುಃಖ ಕಡಿಮೆಯಾಯಿತೇ ಎಂದು ಮಾಸಿಕ ವರದಿಯ ನಮೂನೆ ಕೇಳಿದರೆ ‘ಇಲ್ಲ’ ಎಂದೇ ಬರೆಯಬೇಕಾಗುತ್ತದೆ. ಬದುಕು ಹಿಗ್ಗಿತೇ ಎಂದು ಕೇಳುವ ಕಾಲಂ ನಾನು ಕಂಡ ಯಾವ ನಮೂನೆಯಲ್ಲೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಲವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಪದ್ಧತಿಯನ್ನು ನಮ್ಮ ಸಮಾಜದಲ್ಲಿ ಅರೆಬರೆ ಕಲಿತು ಬಳಸಿದರೆ ಅನಾಹುತವಾಗುವುದು ಖಂಡಿತ. ಒಪ್ಪಿಕೊಳ್ಳುವಿಕೆ ಎಂದರೆ ಒಳಗೆ ಏಳುವ ಭಯ, ದುಃಖ, ನಾಚಿಕೆಗಳಿಗೆ ಜಾಗ ಕೊಡುವುದು; ಹೊರಗಿನ ಅನ್ಯಾಯವನ್ನು ಸಹಿಸುವುದಕ್ಕೆ ಅದರಲ್ಲಿ ಯಾವ ಪರವಾನಗಿಯೂ ಇಲ್ಲ. ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ‘ಹೊಂದಿಕೊಂಡು ಹೋಗವ್ವ’ ಎಂದು ಹೇಳುವವರು ಮನೆಯಲ್ಲಿ, ಓಣಿಯಲ್ಲಿ, ಪಂಚಾಯ್ತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನೇ ‘ಥೆರಪಿ’ ಎಂಬ ಹೆಸರಿನಲ್ಲಿ ಹೇಳಲು ಸರ್ಕಾರ ಸಂಬಳ ಕೊಟ್ಟು ಇನ್ನೊಬ್ಬರನ್ನು ನೇಮಿಸಬೇಕಾಗಿಲ್ಲ. ಅಂಥವಳ ಪಾಲಿಗೆ ಬದ್ಧತೆಯ ಹೆಜ್ಜೆಯೆಂದರೆ, ಕೈಕಾಲು ನಡುಗುತ್ತಿದ್ದರೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತುವುದಾಗಿರಬಹುದು. ಹಾಗೆಯೇ ನೆಟೆ ರೋಗಕ್ಕೆ ತೊಗರಿ ಒಣಗಿ, ಬಡ್ಡಿಯವನು ಬಾಗಿಲಲ್ಲಿ ಕೂತಿರುವ ರೈತನ ಸಾಲವನ್ನು ಮನಸ್ಸಿನ ಸಮಸ್ಯೆಯೆಂದು ಕರೆಯುವುದು ಕ್ರೌರ್ಯ. ಅವನಿಗೆ ಬೆಳೆ ವಿಮೆಯ ಹಣವೂ ಬೇಕು, ಬ್ಯಾಂಕಿನವರೊಡನೆ ಮಾತನಾಡುವ ಚೈತನ್ಯವೂ ಬೇಕು. ಮೊದಲನೆಯದನ್ನು ಸಮಾಲೋಚಕರು ಕೊಡಲಾರರು, ಎರಡನೆಯದರಲ್ಲಿ ನೆರವಾಗಬಲ್ಲರು. ಈ ಗೆರೆ ಎಲ್ಲಿದೆ ಎಂಬುದು ಒಂದು ದಿನದ ಪವರ್‌ಪಾಯಿಂಟ್‌ನಿಂದ ತಿಳಿಯುವಂಥದ್ದಲ್ಲ, ಒಂದೊಂದು ಪ್ರಕರಣವನ್ನೂ ಬಿಚ್ಚಿಟ್ಟು ಚರ್ಚಿಸಿದಾಗಲೇ ತಿಳಿಯುತ್ತದೆ.

ಇನ್ನು ಕರುಣೆಯ ಮಾತು. ಬಸವಕಲ್ಯಾಣ ಇರುವ, ಬಂದೇನವಾಜರ ದರ್ಗಾ ಇರುವ ಈ ನೆಲದಲ್ಲಿ ದಯೆಯ ಕುರಿತ ಭಾಷಣಕ್ಕೆ ಎಂದೂ ಬರ ಬಂದದ್ದಿಲ್ಲ, ಆದ್ದರಿಂದ ಆ ಭಾಷಣವನ್ನು ನಾನಿಲ್ಲಿ ಮಾಡುವುದಿಲ್ಲ. ಚಿಕಿತ್ಸೆಯಲ್ಲಿ ಕರುಣೆಯನ್ನು ಅಭ್ಯಾಸದಿಂದ ಬೆಳೆಸಬಹುದಾದ ಕೌಶಲವೆಂದು ಪರಿಗಣಿಸಿ ಕ್ರಮವಾಗಿ ಕಟ್ಟಿದವರು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್. ವಿಪರೀತ ನಾಚಿಕೆ ಮತ್ತು ಆತ್ಮನಿಂದನೆಯಿಂದ ನರಳುವವರು ಸಾಮಾನ್ಯ ಚಿಕಿತ್ಸೆಯಲ್ಲಿ ‘ನನ್ನದೇನೂ ತಪ್ಪಿಲ್ಲವೆಂದು ಬುದ್ಧಿಗೆ ತಿಳಿಯುತ್ತದೆ, ಆದರೆ ಒಳಗೆ ಹಾಗೆ ಅನ್ನಿಸುವುದಿಲ್ಲ’ ಎನ್ನುವುದನ್ನು ಅವರು ಗಮನಿಸಿದರು. ಅವರ ವಿವರಣೆಯ ಪ್ರಕಾರ ಮನುಷ್ಯನ ಮನಸ್ಸಿನಲ್ಲಿ ಅಪಾಯವನ್ನು ಎದುರಿಸುವ, ಬೇಕಾದದ್ದನ್ನು ಗಳಿಸಲು ಓಡುವ, ಹಾಗೂ ನೆಮ್ಮದಿಯಾಗಿ ಸುರಕ್ಷಿತವೆನಿಸುವ ಮೂರು ವ್ಯವಸ್ಥೆಗಳಿವೆ; ಮೂರನೆಯದು ಬಾಲ್ಯದಲ್ಲಿ ಬೆಳೆಯದೇ ಹೋದವರಿಗೆ ಪ್ರೀತಿಯ ಮಾತೂ ಅಪಾಯದಂತೆ ಕೇಳಿಸುತ್ತದೆ.

ಇದನ್ನು ನಾನು ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ನೋಡುತ್ತೇನೆ. 2024ರಲ್ಲಿ ಯಾದಗಿರಿ ಮತ್ತು 2025ರಲ್ಲಿ ಕಲಬುರಗಿ ರಾಜ್ಯದ ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿದ್ದವು. ಪತ್ರಿಕೆಯ ಪಾಲಿಗೆ ಅದು ಜಿಲ್ಲೆಯ ಸ್ಥಾನ. ಮನೆಯ ಮೂಲೆಯಲ್ಲಿ ಮುಸುಕೆಳೆದುಕೊಂಡು ಮಲಗಿದ ಹುಡುಗನ ಪಾಲಿಗೆ ಅದು ತನ್ನ ಬಗ್ಗೆ ಬಂದ ತೀರ್ಪು. ಅವನನ್ನು ಕರೆತಂದ ಅಪ್ಪ “ಏನರೆ ಬುದ್ಧಿ ಹೇಳ್ರಿ ಮೇಡಂ” ಎನ್ನುತ್ತಾರೆ. ಬುದ್ಧಿಮಾತು ಅವನಿಗೆ ಆಗಲೇ ಮನೆತುಂಬ ಸಿಕ್ಕಿರುತ್ತದೆ. ಅಂಥ ಹೊತ್ತಿನಲ್ಲಿ ಸಮಾಲೋಚಕರು ಮಾಡಬೇಕಾದ ಮೊದಲ ಕೆಲಸ, ಅವನ ತಲೆಯೊಳಗೆ ಬೈಯುತ್ತಿರುವ ದನಿಯನ್ನು ಅವನೊಡನೆ ಕೂತು ಕೇಳಿಸಿಕೊಳ್ಳುವುದು, ಸಾಯುವ ಯೋಚನೆ ಬಂದಿದೆಯೇ ಎಂದು ಹಿಂಜರಿಯದೆ ನೇರವಾಗಿ ಕೇಳುವುದು, ಬಂದಿದೆ ಎಂದರೆ ಗಾಬರಿಬೀಳದೆ ಅವನನ್ನು ಒಬ್ಬಂಟಿಯಾಗಿ ಬಿಡದಿರುವುದು. ನೋವನ್ನು ಕಂಡು ಕಣ್ಣು ತಪ್ಪಿಸದಿರುವುದು ಮತ್ತು ಅದನ್ನು ಇಳಿಸಲು ಏನಾದರೂ ಮಾಡುವುದು, ಈ ಎರಡೂ ಸೇರಿದರೆ ಮಾತ್ರ ಗಿಲ್ಬರ್ಟ್ ಅದನ್ನು ಕರುಣೆಯೆನ್ನುತ್ತಾರೆ. ಅದಕ್ಕೆ ಮೃದು ದನಿಗಿಂತ ಗಟ್ಟಿ ಎದೆಯೇ ಹೆಚ್ಚು ಬೇಕು.

ಆ ಗಟ್ಟಿತನ ಸಮಾಲೋಚಕರಿಗೆ ಎಲ್ಲಿಂದ ಬರಬೇಕು? ಈ ಪತ್ರದ ತಿರುಳು ಇಲ್ಲಿದೆ. ಎದುರಿನವರು ಬಿಕ್ಕಿ ಅಳತೊಡಗಿದ ತಕ್ಷಣ ನಾವು ಸಲಹೆ ಕೊಡಲು ಆತುರಪಡುವುದು ಅವರಿಗಾಗಿ ಎನ್ನುವುದಕ್ಕಿಂತ ಹೆಚ್ಚಾಗಿ ನಮಗಾಗಿ. ಆ ಅಳುವನ್ನು ನಮಗೆ ತಾಳಿಕೊಳ್ಳಲಾಗುವುದಿಲ್ಲ. ‘ಟೆನ್ಷನ್ ಮಾಡ್ಕೋಬ್ಯಾಡ್ರಿ’ ಎಂಬ ಮಾತು ಎಷ್ಟೋ ಬಾರಿ ಸಮಾಲೋಚಕರು ತಮ್ಮ ಟೆನ್ಷನ್‌ನಿಂದ ಪಾರಾಗಲು ಆಡುವ ಮಾತು. ಅಂದರೆ ನಮ್ಯತೆ ಮೊದಲು ಬರಬೇಕಾದದ್ದು ಕುರ್ಚಿಯ ಈ ಬದಿಯಲ್ಲಿ ಕುಳಿತವರಿಗೆ. ದಿನವಿಡೀ ಬೇರೆಯವರ ನೋವನ್ನು ತನ್ನದೇ ಎಂಬಂತೆ ಅನುಭವಿಸುವವರು ಬೇಗ ಬಸವಳಿಯುತ್ತಾರೆ ಎನ್ನುವುದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಎಂಬ ಸಂಶೋಧಕಿಯರ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರರ ನೋವಿನಲ್ಲಿ ಮುಳುಗುವ ಅಭ್ಯಾಸ ಸಂಕಟದ ಭಾವವನ್ನು ಹೆಚ್ಚಿಸುತ್ತದೆ, ಆದರೆ ಕರುಣೆಯ ತರಬೇತಿ ಅದೇ ಜನರಲ್ಲಿ ಒಳ್ಳೆಯ ಭಾವಗಳನ್ನು ಮರಳಿ ತರುತ್ತದೆ ಮತ್ತು ಮಿದುಳಿನ ಬೇರೆಯೇ ಭಾಗಗಳನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿವೆ. ಇದನ್ನು ಯಾರೂ ಒಬ್ಬಂಟಿಯಾಗಿ ಕಲಿಯಲಾರರು. ಗುತ್ತಿಗೆಯ ಮೇಲೆ ಕೆಲಸ ಮಾಡುವ, ನವೀಕರಣದ ಆದೇಶಕ್ಕಾಗಿ ಕಾಯುವ, ಇಡೀ ತಾಲ್ಲೂಕಿಗೆ ತಾನೊಬ್ಬಳೇ ಆಗಿರುವ ಸಮಾಲೋಚಕಿ, ಆತ್ಮಹತ್ಯೆಗೆ ಯತ್ನಿಸಿ ಉಳಿದವರ ಜೊತೆ ಬೆಳಗಿನಿಂದ ಮಾತನಾಡಿ, ಸಂಜೆ ಅದನ್ನು ಯಾರ ಮುಂದೆಯೂ ಇಳಿಸಿಕೊಳ್ಳಲಾಗದೆ ಬಸ್ ಹತ್ತುತ್ತಾಳೆ. ನಾವು ಅವಳಿಂದ ಕರುಣೆಯನ್ನು ನಿರೀಕ್ಷಿಸುತ್ತೇವೆ, ಅವಳ ಕಡೆಗೆ ಅದನ್ನು ಹರಿಸುವ ಕಾಲುವೆಯನ್ನೇ ತೋಡಿಲ್ಲ.

ಇಂಥ ಏರ್ಪಾಡು ಸರ್ಕಾರಿ ವ್ಯವಸ್ಥೆಯಲ್ಲಿ ಆಗದ ಮಾತೆಂದು ಹೇಳುವವರಿಗೆ ಗೋವಾದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ವೃತ್ತಿಪರ ಶಿಕ್ಷಣವಿಲ್ಲದ ಸ್ಥಳೀಯರು ತರಬೇತಿ ಪಡೆದು, ತೀವ್ರ ಖಿನ್ನತೆಯಿರುವವರೊಡನೆ ಆರರಿಂದ ಎಂಟು ಬಾರಿ ಕೂತು ನೀಡಿದ ಚಿಕಿತ್ಸೆ ಫಲಕಾರಿಯಾಗಿದ್ದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ಸಾಬೀತಾಯಿತು. ಅದು ನಾನು ಹೇಳುತ್ತಿರುವ ಪದ್ಧತಿಯಲ್ಲ, ಜನರನ್ನು ಮತ್ತೆ ಚಟುವಟಿಕೆಗೆ ತರುವ ಬೇರೊಂದು ಪದ್ಧತಿ. ನನಗೆ ಮುಖ್ಯವಾಗಿ ಕಂಡದ್ದು ಅದರ ಹಿಂದಿನ ಶಿಸ್ತು: ಆ ಸಮಾಲೋಚಕರು ಗುಂಪಾಗಿ ಕೂತು ಪರಸ್ಪರರ ಧ್ವನಿಮುದ್ರಿತ ಮಾತುಕತೆಗಳನ್ನು ಆಲಿಸಿ, ಅಂಕ ಕೊಟ್ಟು ಚರ್ಚಿಸುತ್ತಿದ್ದರು. ಇನ್ನು ಮಾನಸಿಕ ನಮ್ಯತೆಯ ತತ್ವಗಳ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಸೆಲ್ಫ್ ಹೆಲ್ಪ್ ಪ್ಲಸ್’ ಎಂಬ ಐದು ಕಂತಿನ ಗುಂಪು ಕಾರ್ಯಕ್ರಮವನ್ನು ಉಗಾಂಡದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರ ನಡುವೆ ಪರೀಕ್ಷಿಸಲಾಯಿತು. ಅವರು ಬಲ್ಲ ಭಾಷೆಯಲ್ಲಿ ಮುದ್ರಿಸಿದ ಧ್ವನಿಯನ್ನು ಕೇಳಿಸಿ, ಅಲ್ಪ ತರಬೇತಿಯ ಸ್ಥಳೀಯರು ನಡೆಸಿಕೊಟ್ಟ ಆ ಕಾರ್ಯಕ್ರಮದಿಂದ ಮಹಿಳೆಯರ ಮನೋವ್ಯಥೆ ಇಳಿಯಿತೆಂದು 2020ರಲ್ಲಿ ವರದಿಯಾಯಿತು. ಓದುಬರಹ ಬಾರದವರಿಗೂ ಇದು ನಡೆಯುತ್ತದೆ ಎಂಬುದು ನಮ್ಮ ತಾಂಡಾಗಳ ಮಟ್ಟಿಗೆ ಗಮನಿಸಬೇಕಾದ ಅಂಶ.

ಉತ್ಪ್ರೇಕ್ಷೆ ಮಾಡಬಾರದು. ಒಪ್ಪಿಕೊಳ್ಳುವಿಕೆ ಮತ್ತು ಬದ್ಧತೆಯ ಪದ್ಧತಿ ಈಗಾಗಲೇ ನೆಲೆಯೂರಿರುವ ಇತರ ಮನೋಚಿಕಿತ್ಸೆಗಳಿಗೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ, ಅವನ್ನು ಮೀರಿಸಿದ್ದೇನೂ ಇಲ್ಲ. ಗಿಲ್ಬರ್ಟ್ ಅವರ ಕರುಣೆ ಕೇಂದ್ರಿತ ಚಿಕಿತ್ಸೆಯ ಕುರಿತ ಅಧ್ಯಯನಗಳಲ್ಲಿ ಅನೇಕವು ಚಿಕ್ಕವು. ಹೊಸ ಪದ್ಧತಿಯ ಹೆಸರು ಹೇಳಿ ಇನ್ನೊಂದು ಪ್ರಮಾಣಪತ್ರ ಕೋರ್ಸ್ ಮಾರುವವರು ನಾಳೆಯೇ ನಿಮ್ಮ ಕಚೇರಿಗೆ ಬರಬಹುದು. ಅವರಿಗೆ ಬಾಗಿಲು ತೆರೆಯಬೇಡಿರೆಂದೂ ಈ ಪತ್ರದಲ್ಲೇ ಕೋರುತ್ತೇನೆ. ಜೋಳದ ರೊಟ್ಟಿ ಬಡಿಯುವುದನ್ನು ಉಪನ್ಯಾಸ ಕೇಳಿ ಯಾರೂ ಕಲಿತಿಲ್ಲ. ಬಲ್ಲವರ ಪಕ್ಕದಲ್ಲಿ ಕೂತು, ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ಬಡಿದೇ ಕಲಿತದ್ದು.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿರುವುದರಿಂದ, ಅವುಗಳ ಮನೋವೈದ್ಯ ವಿಭಾಗಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ದಿನ, ಏಳೆಂಟು ಜನರ ಗುಂಪುಗಳಲ್ಲಿ ಸಮಾಲೋಚಕರು ಸೇರಿ ತಮ್ಮ ಪ್ರಕರಣಗಳನ್ನು ಚರ್ಚಿಸುವುದಕ್ಕೆ ಅಧಿಕೃತ ಆದೇಶ ಹೊರಡಿಸಬೇಕು, ಆ ಅರ್ಧ ದಿನವನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಿ ಪ್ರಯಾಣ ಭತ್ಯೆ ಕೊಡಬೇಕು. ಬಂದವರ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣಗಳನ್ನು ಅಲ್ಲಿ ಕೇಳಬೇಕು; 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 23ನೇ ಕಲಂ ಹೇಳುವ ಗೋಪ್ಯತೆಗೆ ಧಕ್ಕೆಯಾಗದಂತೆ ಅವನ್ನು ಚರ್ಚೆಯ ನಂತರ ಅಳಿಸುವ ನಿಯಮವೂ ಇರಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಬೇಕು. ಇದು ಸಣ್ಣ ಮಾತೆನಿಸಬಹುದು, ಆದರೆ ಪರದೆಯ ಆಚೆ ತನ್ನ ಊರಿನವರೇ ಮಾತ್ರೆಗಾಗಿ ನಿಂತಿರುವಾಗ ಯಾವ ಹೆಣ್ಣುಮಗಳೂ ಬಾಯಿಬಿಡುವುದಿಲ್ಲ. ವರದಿಯ ನಮೂನೆಯಲ್ಲಿ ತಲೆಯೆಣಿಕೆಯ ಜೊತೆಗೆ, ಎಷ್ಟು ಜನ ಎರಡನೆಯ, ಮೂರನೆಯ ಬಾರಿಗೆ ಮರಳಿ ಬಂದರು ಮತ್ತು ಅವರು ಬಿಟ್ಟುಬಿಟ್ಟಿದ್ದ ಯಾವ ಕೆಲಸಕ್ಕೆ ಮರಳಿದರು ಎಂಬುದನ್ನು ದಾಖಲಿಸುವ ಎರಡು ಕಾಲಂಗಳನ್ನು ಸೇರಿಸಬೇಕು.

ಭಾಷೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬೆಂಗಳೂರಿನಲ್ಲಿ ಸಿದ್ಧವಾಗುವ ಕೈಪಿಡಿಗಳ ಕನ್ನಡ ಇಲ್ಲಿ ಅರ್ಥವಾಗುತ್ತದೆ, ಆದರೆ ಎದೆಗೆ ಇಳಿಯುವುದಿಲ್ಲ. ಔರಾದಿನಲ್ಲಿ ಮರಾಠಿ, ಸೇಡಂ ಮತ್ತು ಗುರುಮಠಕಲ್ಲಿನ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಊರಿನೊಳಗೆ ದಖನಿ ಉರ್ದು ಆಡುವವರಿಗೆ ಅದು ಅರ್ಥವೂ ಆಗದಿರಬಹುದು. ಉಸಿರಿನ ಕಡೆ ಗಮನ ಕೊಡುವ, ಯೋಚನೆಯಿಂದ ಒಂದು ಹೆಜ್ಜೆ ಹಿಂದೆ ಸರಿಯುವ, ತನ್ನ ಮೇಲೆಯೇ ಕನಿಕರ ತೋರಿಕೊಳ್ಳುವ ಹತ್ತು ಹದಿನೈದು ನಿಮಿಷದ ಅಭ್ಯಾಸಗಳನ್ನು ಈ ಮಾತುಗಳಲ್ಲಿಯೇ ಧ್ವನಿಮುದ್ರಿಸಿ ಮೊಬೈಲಿಗೆ ಹಾಕಿಕೊಡುವುದಕ್ಕೆ ದೊಡ್ಡ ಹಣವೇನೂ ಬೇಡ. ದನಿ ಕೊಡಲು ರಂಗಭೂಮಿಯ ಮಿತ್ರರೂ ಆಶಾ ಕಾರ್ಯಕರ್ತೆಯರೂ ಇಲ್ಲೇ ಇದ್ದಾರೆ.

ಹಣದ ಪ್ರಶ್ನೆಗೆ ಉತ್ತರ ಮಂಡಳಿಯ ಬಳಿಯೇ ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಫಲವಾಗಿ ಬಂದ ಅನುದಾನದಲ್ಲಿ ಕಟ್ಟಡಗಳು, ರಸ್ತೆಗಳು, ಆಸ್ಪತ್ರೆಯ ಉಪಕರಣಗಳು ಬಂದಿವೆ, ಬರಲಿ. ನಾವು ಕೇಳುತ್ತಿರುವುದಕ್ಕೆ ಬೇಕಾದದ್ದು ಬಸ್ ಚಾರ್ಜು, ಕೋಣೆಗೊಂದು ಬಾಗಿಲು, ಮಾರ್ಗದರ್ಶಕರ ಗೌರವಧನ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪುತ್ತಿಲ್ಲವೆಂದು ಹೇಳಿತು. ಆ ಸಮೀಕ್ಷೆಗೆ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಆದರೆ ನಮ್ಮ ಮೂರು ಜಿಲ್ಲೆಗಳ ಸ್ಥಿತಿ ಅದಕ್ಕಿಂತ ಉತ್ತಮವೆಂದು ನಂಬಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ. ಸರ್ಕಾರ ನಡೆಸುವ ಅಥವಾ ಅನುದಾನ ಕೊಡುವ ಸೇವೆಗಳಿಂದ ಮಾನಸಿಕ ಆರೋಗ್ಯ ಪಾಲನೆ ಪಡೆಯುವುದು 2017ರ ಕಾಯ್ದೆಯ 18ನೇ ಕಲಮಿನ ಪ್ರಕಾರ ಪ್ರತಿಯೊಬ್ಬರ ಹಕ್ಕು. ಹೇಗೋ ಒಂದು ಸಮಾಲೋಚನೆ ಮುಗಿಸಿ ಸಹಿ ಹಾಕಿಸಿಕೊಂಡರೆ ಆ ಹಕ್ಕು ಸಂದಾಯವಾಯಿತೆಂದು ನಾನು ಭಾವಿಸುವುದಿಲ್ಲ.

ಮೂರೂ ಜಿಲ್ಲೆಗಳಲ್ಲಿ ಒಮ್ಮೆಲೇ ಆರಂಭಿಸುವುದು ಕಷ್ಟವೆನಿಸಿದರೆ ಚಿಂಚೋಳಿ, ಶಹಾಪುರ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಒಂದು ವರ್ಷ ಪ್ರಾಯೋಗಿಕವಾಗಿ ನಡೆಸಿ ನೋಡಬಹುದು. ಖಾಸಗಿಯಾಗಿ ವೃತ್ತಿ ನಡೆಸುತ್ತಿರುವ ನಾವು ಕೆಲವರು ಆ ವರ್ಷದ ಮಟ್ಟಿಗೆ ಗೌರವಧನವಿಲ್ಲದೆ, ಹೋಗಿಬರುವ ಖರ್ಚನ್ನಷ್ಟೇ ಪಡೆದು, ಶನಿವಾರ ಮಧ್ಯಾಹ್ನಗಳಲ್ಲಿ ಈ ಗುಂಪುಗಳೊಡನೆ ಕೂರಲು ಸಿದ್ಧರಿದ್ದೇವೆ. ಮಂಡಳಿಯ ಮುಂದಿನ ಕ್ರಿಯಾಯೋಜನೆ ಅಂತಿಮಗೊಳ್ಳುವ ಮುನ್ನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳನ್ನೂ, ಈ ಕೆಲಸ ಮಾಡುತ್ತಿರುವ ಸಮಾಲೋಚಕರನ್ನೂ ಒಂದೇ ಮೇಜಿಗೆ ಕರೆದು ಸಭೆ ನಡೆಸಬೇಕೆಂದು ವಿನಂತಿಸುತ್ತೇನೆ. ಸಭೆಯ ದಿನವನ್ನು ಮಂಗಳವಾರ ಬಿಟ್ಟು ಇಟ್ಟುಕೊಂಡರೆ ತಾಲ್ಲೂಕಿನವರೂ ಬರಲು ಅನುಕೂಲವಾಗುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಕಲಬುರಗಿಯ ಒಬ್ಬ ಚಿಕಿತ್ಸಕ ಮನಶ್ಶಾಸ್ತ್ರಜ್ಞೆ